ನೀನ್ ಕಂಡ್ಯಾ?

ಹೋದ ಭಾನುವಾರ ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಹೇಗೋ ಸುಡಾನ್ ಮಾತು ಬಂತು. ಅವನ ಮಗಳು ಒಳಗೆ ಹೋಗಿ ಹಳೇ ಲ್ಯಾಪ್‌ಟಾಪ್ ತಂದಳು. ಒಂದು ಚಿತ್ರ ತೋರಿಸಿದಳು. ಒಣ ನೆಲ, ಆಕಾಶದಿಂದ ತೆಗೆದದ್ದು. ನೆಲದ ಮೇಲೆ ಸಣ್ಣ ಸಣ್ಣ ಉಂಗುರಗಳು, ಯಾರೋ ಬಳೆ ಚೆಲ್ಲಿದ ಹಾಗೆ. "ಇದು ಊರು ಅಂಕಲ್, ಒಂದೊಂದು ಉಂಗುರ ಒಂದೊಂದು ಗುಡಿಸಲು" ಅಂದಳು. ಪಕ್ಕದಲ್ಲಿ ಅದೇ ಜಾಗದ ಇನ್ನೊಂದು ಚಿತ್ರ. ಅದರಲ್ಲಿ ಉಂಗುರಗಳೆಲ್ಲ ಕಪ್ಪಾಗಿದ್ದವು.

2016ರಲ್ಲಿ ಆಮ್ನೆಸ್ಟಿ ಅನ್ನುವ ಮಾನವ ಹಕ್ಕುಗಳ ಸಂಸ್ಥೆ ಸುಡಾನಿನ ಪಶ್ಚಿಮಕ್ಕಿರುವ ಡಾರ್ಫರ್‌ನ ಉಪಗ್ರಹ ಚಿತ್ರಗಳನ್ನು ತುಂಡು ತುಂಡು ಮಾಡಿ ಜನರ ಮುಂದೆ ಇಟ್ಟಿತ್ತು. ಯಾರು ಬೇಕಾದರೂ ನೋಡಿ, ಎಲ್ಲಿ ಮನೆಗಳಿವೆ, ಎಲ್ಲಿ ಸುಟ್ಟಿದೆ ಅಂತ ಗುರುತು ಹಾಕಬಹುದಿತ್ತು. ಜಗತ್ತಿನ ಮೂಲೆ ಮೂಲೆಯಿಂದ ಸಾವಿರಾರು ಜನ ಪುಕ್ಕಟೆಯಾಗಿ ಈ ಕೆಲಸ ಮಾಡಿದರು. ಈ ಹುಡುಗಿ ಆಗ ಕಾಲೇಜಿನಲ್ಲಿದ್ದಳು, ರಾತ್ರಿ ಓದುವ ನೆಪದಲ್ಲಿ ಕೂತು ಗುರುತು ಹಾಕುತ್ತಿದ್ದಳಂತೆ. ಗೆಳೆಯನಿಗೆ ಇದು ಗೊತ್ತೇ ಇರಲಿಲ್ಲ. "ಇದರಿಂದ ಏನಾದರೂ ಆಯ್ತಾ?" ಅಂದ, ಅಪ್ಪಂದಿರು ಕೇಳುವ ಆ ಧಾಟಿಯಲ್ಲಿ. ಅವಳು ಏನೂ ಹೇಳದೆ ಲ್ಯಾಪ್‌ಟಾಪ್ ಮುಚ್ಚಿದಳು.

ಬಸ್ಸಿನಲ್ಲಿ ಮಂಡ್ಯಕ್ಕೆ ವಾಪಸ್ ಬರುವಾಗಲೂ ಅದೇ ಪ್ರಶ್ನೆ ತಲೆಯಲ್ಲಿ, ನರಮೇಧ ತಡೆಯಲು ಮಾಮೂಲಿ ಜನ ಮಾಡುವ ಇಂಥ ಕೆಲಸದಿಂದ ಏನಾದರೂ ಆಗುತ್ತಾ ಅಂತ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನರಮೇಧ ಅನ್ನುವ ಪದವನ್ನು ನಮ್ಮ ಪೇಪರಿನವರು ಹತ್ತು ಜನ ಸತ್ತರೂ ಬಳಸುತ್ತಾರೆ, ಅದು ಬೇರೆ ಮಾತು. ಒಂದು ಜನಾಂಗವನ್ನೇ ಇಲ್ಲವಾಗಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಜೆನೊಸೈಡ್ ಅಂತ ಹೆಸರಿಟ್ಟವರು ರಫಾಯೆಲ್ ಲೆಮ್ಕಿನ್ ಅನ್ನುವ ಯಹೂದಿ ವಕೀಲರು, 1944ರಲ್ಲಿ. ಹಿಟ್ಲರನ ಕಾಲದಲ್ಲಿ ಅವರು ಕಳೆದುಕೊಂಡ ಬಂಧುಗಳು 49 ಮಂದಿ. ನಾಲ್ಕು ವರ್ಷ ಬಾಗಿಲು ಬಾಗಿಲು ತಟ್ಟಿ, 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯಲ್ಲಿ ಇದಕ್ಕೊಂದು ಒಪ್ಪಂದ ಆಗುವ ಹಾಗೆ ಮಾಡಿದರು. ಬಹುಪಾಲು ತಮ್ಮಷ್ಟಕ್ಕೆ ತಾವೇ ಓಡಾಡಿದರು. ಈ ಬಾಬತ್ತಿನಲ್ಲಿ ಮೊದಲ ಸ್ವಯಂಸೇವಕ ಅಂದರೆ ಅವರೇ ಅನ್ನಬೇಕು. ಆ ಒಪ್ಪಂದದ ಹೆಸರಿನಲ್ಲೇ "ತಡೆಯುವುದು" ಅನ್ನುವುದು ಮೊದಲು, "ಶಿಕ್ಷಿಸುವುದು" ಆಮೇಲೆ. ನಡೆದದ್ದು ಮಾತ್ರ ಬಹುಪಾಲು ಉಲ್ಟಾ.

ಮುಂಚೆ ಗೊತ್ತಾಗಲಿಲ್ಲ ಅನ್ನುತ್ತಾರಲ್ಲ, ಅದನ್ನು ನಾನು ನಂಬುವುದಿಲ್ಲ. ರುವಾಂಡಾ ತಗೊಳ್ಳಿ. ವಿಶ್ವಸಂಸ್ಥೆಯ ಪಡೆಗೆ ಅಲ್ಲಿ ದಂಡನಾಯಕರಾಗಿದ್ದ ಕೆನಡಾದ ರೋಮಿಯೊ ಡಲೇರ್ 1994ರ ಜನವರಿ 11ರಂದೇ ನ್ಯೂಯಾರ್ಕಿಗೆ ಸಂದೇಶ ಕಳಿಸಿದ್ದರು. ಹುಟು ಜನಾಂಗದ ಉಗ್ರರು ಆಯುಧ ಬಚ್ಚಿಟ್ಟಿದ್ದಾರೆ, ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರ ಪಟ್ಟಿ ಮಾಡುತ್ತಿದ್ದಾರೆ, ಕೊಲ್ಲುವುದಕ್ಕೇ ಇರಬೇಕು, ಇಪ್ಪತ್ತು ನಿಮಿಷದಲ್ಲಿ ಸಾವಿರ ಜನರನ್ನು ಕೊಲ್ಲಬಲ್ಲರಂತೆ ಅಂತ. ಹೋಗಿ ಆ ಆಯುಧ ಹಿಡಿಯುತ್ತೇನೆ ಅಂದರು. ಬೇಡ ಅಂತ ಉತ್ತರ ಬಂತು. ಏಪ್ರಿಲ್ 7ಕ್ಕೆ ಶುರುವಾಯಿತು. ನೂರು ದಿನದಲ್ಲಿ ಸುಮಾರು 8 ಲಕ್ಷ ಜನ. 2011ರ ಜನಗಣತಿಯಲ್ಲಿ ಇಡೀ ಮಂಡ್ಯ ಜಿಲ್ಲೆ 18 ಲಕ್ಷ, ಅಂದಾಜು ಮಾಡಿಕೊಳ್ಳಿ. ಕೊಲೆ ನಡೆಯುತ್ತಿರುವಾಗಲೇ ಆ ಪಡೆಯನ್ನು 270 ಜನಕ್ಕೆ ಇಳಿಸುವ ತೀರ್ಮಾನವೂ ಆಯಿತು. ರೇಡಿಯೋದಲ್ಲಿ ಟುಟ್ಸಿಗಳನ್ನು ಜಿರಲೆ ಅನ್ನುತ್ತಿದ್ದರು. ಕೊಲ್ಲುವುದಕ್ಕೆ "ಕೆಲಸ" ಅನ್ನುತ್ತಿದ್ದರು. "ಕೆಲಸಕ್ಕೆ ಹೊರಡಿ" ಅಂದರೆ ಹೊರಗಿನವನಿಗೆ ಏನು ಅರ್ಥವಾಗಬೇಕು ಹೇಳಿ.

ಈಗ ಇದಕ್ಕೆ ಲೆಕ್ಕಾಚಾರವೂ ಬಂದಿದೆ. ಬಾರ್ಬರಾ ಹಾರ್ಫ್ ಅನ್ನುವವರು 2003ರಲ್ಲಿ, ಯಾವ ಯಾವ ಲಕ್ಷಣ ಇರುವ ದೇಶದಲ್ಲಿ ಇಂಥದ್ದು ಆಗುವ ಸಾಧ್ಯತೆ ಜಾಸ್ತಿ ಅಂತ ಅಂಕಿ ಅಂಶ ಇಟ್ಟು ತೋರಿಸಿದರು. ಹಿಂದೆ ಒಮ್ಮೆ ಆಗಿರುವುದು, ರಾಜಕೀಯ ಅಲ್ಲೋಲ ಕಲ್ಲೋಲ, ಸರ್ವಾಧಿಕಾರ, "ಇವರು ನಮ್ಮವರಲ್ಲ" ಅನ್ನುವ ಸಿದ್ಧಾಂತ, ಹೀಗೆ. ಆಮೇಲೆ ಅಮೆರಿಕದ ಹೋಲೊಕಾಸ್ಟ್ ಮ್ಯೂಸಿಯಂ ಮತ್ತು ಡಾರ್ಟ್‌ಮತ್ ಕಾಲೇಜಿನವರು ಸೇರಿ ಯಾವ ದೇಶಕ್ಕೆ ಈ ಅಪಾಯ ಎಷ್ಟು ಅಂತ ಪ್ರತಿ ವರ್ಷ ಪಟ್ಟಿ ಹಾಕಲು ಶುರು ಮಾಡಿದರು. ಒಂದು ವರ್ಷದೊಳಗೆ ಸಾವಿರಕ್ಕಿಂತ ಜಾಸ್ತಿ ನಿರಾಯುಧ ಜನರನ್ನು, ಅವರು ಇಂಥ ಗುಂಪಿನವರು ಅಂತ ಬೇಕೆಂದೇ ಕೊಂದರೆ ಅದು ಅವರ ಲೆಕ್ಕಕ್ಕೆ ಬರುತ್ತದೆ. ಹೊಸದಾಗಿ ಇಂಥ ಕೊಲೆ ನಡೆದ ದೇಶಗಳಲ್ಲಿ ಮೂರಕ್ಕೆ ಎರಡರಷ್ಟು ಮೊದಲೇ ಅವರ ಪಟ್ಟಿಯ ಮೇಲಿನ ಮೂವತ್ತರಲ್ಲಿ ಇರುತ್ತವೆ ಅನ್ನುವುದು ಅವರದೇ ಅಂದಾಜು. ಕಡಿಮೆ ಏನಲ್ಲ.

ಆದರೆ ಈ ಪಟ್ಟಿ ಹೇಳುವುದು ಕನ್ನಂಬಾಡಿ ಕಟ್ಟೆ 124 ಅಡಿಗೆ ಬಂದು ನಿಂತಿದೆ ಅಂತ ಮಾತ್ರ. ಯಾವ ರಾತ್ರಿ ಗೇಟು ತೆಗೆಯುತ್ತಾರೆ, ಯಾರ ಗದ್ದೆ ಕೊಚ್ಚಿ ಹೋಗುತ್ತದೆ ಅಂತ ಹೇಳುವುದಿಲ್ಲ. 2021ರ ಕೊನೆಯಲ್ಲಿ ಬಂದ ಪಟ್ಟಿಯಲ್ಲಿ ನಮ್ಮ ದೇಶದ ಹೆಸರು ಎರಡನೇ ಜಾಗದಲ್ಲಿತ್ತು. ಆವಾಗ ಇಲ್ಲೇ ಫೇಸ್‌ಬುಕ್ಕಿನಲ್ಲಿ ಏನಾಯಿತು? ಅರ್ಧ ಜನಕ್ಕೆ ಸಿಟ್ಟು, ಅರ್ಧ ಜನಕ್ಕೆ "ನೋಡಿದ್ರಾ, ನಾವು ಹೇಳಿರಲಿಲ್ವಾ" ಅನ್ನುವ ಖುಷಿ. ಲೆಕ್ಕ ಹೇಗೆ ಹಾಕಿದ್ದಾರೆ ಅಂತ ತೆಗೆದು ಓದಿದವರನ್ನು ನಾನಂತೂ ನೋಡಲಿಲ್ಲ. ಮೇಲಿನ ಜಾಗದಲ್ಲಿದ್ದರೆ ಆಗೇ ಆಗುತ್ತದೆ ಅಂತಲ್ಲ, ಹುಷಾರಾಗಿರಿ ಅಂತ. ಎರಡು ಕಡೆಯವರಿಗೂ ಹುಷಾರಾಗಿರುವುದು ಬೇಕಿರಲಿಲ್ಲ ಅನ್ನಿಸುತ್ತೆ.

ಬರ್ಮಾ ವಿಷಯದಲ್ಲಂತೂ, ಅಲ್ಲಿನ ಸೈನ್ಯ ರೋಹಿಂಗ್ಯಾ ಮುಸ್ಲಿಮರ ಮೇಲೆ ಬಿದ್ದ 2017ರ ಆಗಸ್ಟ್‌ಗಿಂತ ಎಷ್ಟೋ ಮುಂಚೆಯೇ ಎಚ್ಚರಿಕೆ ಬಂದಿತ್ತು. ಆದರೂ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾಗಳು ಕೆಲವೇ ತಿಂಗಳಲ್ಲಿ ಬಾಂಗ್ಲಾದೇಶಕ್ಕೆ ಓಡಿದರು. ದ್ವೇಷ ಹಬ್ಬಿಸಲು ಫೇಸ್‌ಬುಕ್ ಚೆನ್ನಾಗಿ ಉಪಯೋಗಕ್ಕೆ ಬಂತು ಅಂತ ವಿಶ್ವಸಂಸ್ಥೆಯ ತಂಡವೇ ಬರೆಯಿತು, ತಾವು ಮಾಡಬೇಕಾದಷ್ಟು ಮಾಡಲಿಲ್ಲ ಅಂತ 2018ರಲ್ಲಿ ಕಂಪನಿಯೂ ಒಪ್ಪಿಕೊಂಡಿತು. ನಾನು ಇದನ್ನು ಬರೆಯುತ್ತಿರುವುದೂ ಅದೇ ಫೇಸ್‌ಬುಕ್ಕಿನಲ್ಲಿ, ಏನು ಮಾಡೋದು. ಅಲ್ಲಿ ಮುಸ್ಲಿಮರನ್ನು ಹೀಯಾಳಿಸಲು "ಕಲಾರ್" ಅಂತ ಒಂದು ಪದ. ಅದನ್ನು ಫೇಸ್‌ಬುಕ್ ನಿಷೇಧ ಮಾಡಲು ಹೋದಾಗ ಸುಮ್ನೆ ಕಡಲೆಬೇಳೆ ಬಗ್ಗೆ ಬರೆದವರ ಪೋಸ್ಟೂ ಹಾರಿಹೋದವಂತೆ, ಯಾಕೆಂದರೆ ಬರ್ಮೀಸಿನಲ್ಲಿ ಕಡಲೆಯ ಹೆಸರಿನಲ್ಲೂ ಅದೇ ಪದ ಇದೆ. ಇದನ್ನು ಓದಿ ನಕ್ಕೆ. ಆಮೇಲೆ ನಮ್ಮ ಕಡೆಯ ಬೈಗುಳ ನೆನೆಸಿಕೊಂಡೆ. ಒಂದೇ ಪದ ಪ್ರೀತಿಗೂ ಬರುತ್ತೆ, ಹೊಡೆದಾಟಕ್ಕೂ ಬರುತ್ತೆ. ಮದ್ದೂರಿನವನಿಗೆ ಗೊತ್ತಾಗುವುದು ಕ್ಯಾಲಿಫೋರ್ನಿಯಾದ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ನನಗೆ ಹಿಡಿಸಿದ್ದು ಇನ್ನೊಂದು ಬಗೆಯ ಕೆಲಸ. ಕೆನಡಾದಲ್ಲಿ 2008ರಲ್ಲಿ ಕೆಲವು ಹುಡುಗರು ಸೇರಿ ನರಮೇಧ ತಡೆಯಲು ಸೆಂಟಿನೆಲ್ ಪ್ರಾಜೆಕ್ಟ್ ಅಂತ ಶುರು ಮಾಡಿದರು. ಹೆಚ್ಚಿನವರು ಸ್ವಯಂಸೇವಕರೇ. ಮೊದಲು ಅವರೂ ದೂರ ಕೂತು ಮುನ್ಸೂಚನೆ ಕೊಡುವ ಹುಮ್ಮಸ್ಸಿನಲ್ಲಿದ್ದರು. ಆಮೇಲೆ ಕೀನ್ಯಾದ ಟಾನಾ ನದಿ ಮುಖಜ ಭೂಮಿಗೆ ಹೋದರು. ಅಲ್ಲಿ ಬೇಸಾಯ ಮಾಡುವ ಪೊಕೊಮೊ ಜನ, ದನ ಮೇಯಿಸುವ ಒರ್ಮಾ ಜನ. ಜಗಳ ನೆಲಕ್ಕೆ, ನದಿ ನೀರಿಗೆ. ನೀರಿನ ಜಗಳ ಅಂದರೆ ಏನು ಅಂತ ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. 2012ರಿಂದ 2013ರ ನಡುವೆ ಅಲ್ಲಿ ನೂರಕ್ಕೂ ಜಾಸ್ತಿ ಜನ ಸತ್ತರು. ಆ ಕಡೆಯವರಿಗೆ ಬಂದೂಕು ಬಂದಿದೆಯಂತೆ, ಇವತ್ತು ರಾತ್ರಿ ನುಗ್ಗುತ್ತಾರಂತೆ, ಅದಕ್ಕೆ ನಾವೇ ಮೊದಲು ನುಗ್ಗೋಣ, ಈ ಥರದ ಮಾತು ಹಬ್ಬುತ್ತಿತ್ತು. ಸೆಂಟಿನೆಲ್‌ನವರು ಮಾಡಿದ್ದು ಇಷ್ಟೇ. ಏನಾದರೂ ಗಾಳಿಸುದ್ದಿ ಕಿವಿಗೆ ಬಿದ್ದರೆ ಒಂದು ನಂಬರಿಗೆ ಮೆಸೇಜ್ ಮಾಡಿ ಅಂದರು. ಪ್ರತಿ ಊರಿನಲ್ಲೂ ಆ ಊರಿನವರನ್ನೇ ಗೊತ್ತು ಮಾಡಿದರು. ಅವರು ಹೋಗಿ ನೋಡುವುದು, ಹಿರಿಯರನ್ನು ಕೇಳುವುದು, ನಿಜವೋ ಸುಳ್ಳೋ ತಿಳಿದು ವಾಪಸ್ ಹೇಳುವುದು. ಇದಕ್ಕೆ ಅವರಿಟ್ಟ ಹೆಸರು "ಉನಾ ಹಕಿಕಾ". ಸ್ವಾಹಿಲಿಯಲ್ಲಿ "ಖಾತ್ರಿನಾ ನಿನಗೆ?" ಅಂತ.

ನಮ್ಮೂರಲ್ಲಿ ಅದಕ್ಕೆ "ನೀನ್ ಕಂಡ್ಯಾ?" ಅನ್ನುತ್ತಾರೆ.

2018ರ ಬೇಸಿಗೆ ನೆನಪಿರಬೇಕು ನಿಮಗೆ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಆಡಿಯೋ ಬರುತ್ತಿತ್ತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬನನ್ನು ಹೊಡೆದೇ ಕೊಂದರು, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಇಂಜಿನಿಯರ್ ಒಬ್ಬನನ್ನು ಕೊಂದರು. ಅದೇ ದಿನಗಳಲ್ಲಿ ನಮ್ಮೂರಿಗೆ ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವನೊಬ್ಬ ಬಂದಿದ್ದ. ಉತ್ತರದ ಕಡೆಯವನು, ಕನ್ನಡ ಅರ್ಧಂಬರ್ಧ. ಹುಡುಗರು ಹಿಡಿದು ಅರಳಿಕಟ್ಟೆ ಮೇಲೆ ಕೂರಿಸಿಬಿಟ್ಟರು. ಪಾತ್ರೆ ಗಂಟು ಬಿಚ್ಚಿ ಎಲ್ಲಾ ಚೆಲ್ಲಾಪಿಲ್ಲಿ. ಒಂದು ಲೋಟ ಉರುಳಿಕೊಂಡು ಚರಂಡಿಗೆ ಹೋಯಿತು, ಅದನ್ನು ಯಾರೂ ಎತ್ತಲಿಲ್ಲ. ಒಬ್ಬ ಆಗಲೇ ಹಗ್ಗ ತಂದಿದ್ದ.

ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು. ನಮ್ಮ ದೊಡ್ಡಮ್ಮ ಹಾಲಿನ ಕ್ಯಾನ್ ಹಿಡಿದುಕೊಂಡೇ ಗುಂಪಿನೊಳಗೆ ಬಂದಳು. ಭಾಷಣ ಮಾಡಲಿಲ್ಲ. ಮುಂದೆ ನಿಂತಿದ್ದ ಹುಡುಗನನ್ನು ಕೇಳಿದಳು, "ಯಾರ್ ಮನೆ ಮೊಗ ಹೋಗಿರದ್ಲಾ?" ಪಕ್ಕದೂರಲ್ಲಂತೆ ಅಂದ. "ಮೊಗೀನ್ ಹೆಸ್ರೇನು?" ಗೊತ್ತಿಲ್ಲ. "ನೀನ್ ಕಂಡ್ಯಾ?" ಇಲ್ಲ, ಆಡಿಯೋ ಬಂತು. ಅವಳು ಕ್ಯಾನ್ ಕೆಳಗಿಟ್ಟು, ಪಕ್ಕದೂರಿಗೆ ಕೊಟ್ಟಿರುವ ತಂಗಿಗೆ ಅಲ್ಲೇ ಫೋನ್ ಮಾಡಿಸಿ ಸ್ಪೀಕರ್ ಹಾಕಿಸಿದಳು. ಆ ಕಡೆಯಿಂದ ಚಿಕ್ಕಮ್ಮ, "ಅಯ್ಯೋ ಅಕ್ಕ, ನಮ್ಮೂರಲ್ಲಿ ಯಾವ್ ಮೊಗಾನೂ ಹೋಗಿಲ್ಲ, ನಿಮ್ಮೂರಲ್ಲೇ ಎಲ್ಡು ಮಕ್ಳು ಹೋಗವಂತಲ್ಲಾ" ಅಂದಳು. ಅದೇ ಆಡಿಯೋ, ಅವರೂರಿನಲ್ಲಿ ನಮ್ಮೂರಿನ ಹೆಸರು ಹೊತ್ತುಕೊಂಡು ಓಡಾಡುತ್ತಿತ್ತು. ಗುಂಪಿನಲ್ಲಿ ಯಾರೋ ಕಿಸಕ್ ಅಂತ ನಕ್ಕರು. ಅಲ್ಲಿಗೆ ಮುಗಿಯಿತು. ಆ ಮನುಷ್ಯನಿಗೆ ಮಜ್ಜಿಗೆ ಕೊಟ್ಟು, ಪಾತ್ರೆ ಜೋಡಿಸಿಕೊಟ್ಟು, ಬಸ್ಸು ಹತ್ತಿಸಿದರು. ಮತ್ತೆ ಅವನು ನಮ್ಮೂರ ಕಡೆ ತಲೆ ಹಾಕಲಿಲ್ಲ.

ಆ ಆಡಿಯೋವನ್ನು ಅವತ್ತು ಬೆಳಿಗ್ಗೆ ನಮ್ಮ ಸಂಬಂಧಿಕರ ಗ್ರೂಪಿಗೆ ಹಾಕಿದ್ದವನು ನಾನು. ಎಂ.ಎ. ಓದಿದವನು, ಪೇಪರ್ ಓದುವವನು. "ಯಾವುದಕ್ಕೂ ಹುಷಾರಾಗಿರಿ" ಅಂತ ಮೇಲೊಂದು ಸಾಲು ಬೇರೆ ಸೇರಿಸಿದ್ದೆ.

ಇದು ನರಮೇಧ ಅಲ್ಲ, ಗೊತ್ತು. ಆದರೆ ಟಾನಾದಲ್ಲಿ ಆದದ್ದೂ ಹೀಗೇ ಕಟ್ಟೆ ಮೇಲಿನ ಮಾತಿನಿಂದಲೇ ಶುರುವಾಗಿದ್ದು. ಕೀನ್ಯಾದ್ದೇ ಇನ್ನೊಂದು ಊರು ವಜೀರ್. 1990ರ ದಶಕದಲ್ಲಿ ಅಲ್ಲಿ ಕುಲ ಕುಲಗಳ ನಡುವೆ ಕೊಲೆಗಳಾಗುತ್ತಿದ್ದಾಗ ದೇಖಾ ಇಬ್ರಾಹಿಂ ಅಬ್ದಿ ಅನ್ನುವ ಟೀಚರಮ್ಮ ಇನ್ನೊಂದಷ್ಟು ಹೆಂಗಸರ ಜೊತೆ ಸೇರಿ ಮೊದಲು ಹೋದದ್ದು ಸಂತೆಗೆ. ಯಾವ ಕುಲದವಳಾದರೂ ಇಲ್ಲಿ ಬಂದು ಮಾರಬೇಕು, ಕೊಳ್ಳಬೇಕು, ಯಾರೂ ತಡೆಯಬಾರದು ಅಂತ ಮಾತು ಮಾಡಿಕೊಂಡರು. ಹಿರಿಯರು, ಅಧಿಕಾರಿಗಳು ಎಲ್ಲ ಬಂದದ್ದು ಅದಾದ ಮೇಲೆ. ಎಷ್ಟೋ ವರ್ಷದ ನಂತರ, 2007ರಲ್ಲಿ, ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನನ್ನ ಮಾತು ಇಷ್ಟೇ, ದೂರದಿಂದ ದೂರದವರಿಗೆ ಕೊಟ್ಟ ಎಚ್ಚರಿಕೆ ಫೈಲಿಗೆ ಹೋಗುತ್ತದೆ. ಹೆಸರು ಹಿಡಿದು ಕರೆಯಬಲ್ಲ ಒಬ್ಬರು ಅಲ್ಲೇ ನಿಂತು ಕೇಳಿದರೆ ಹಗ್ಗ ತಂದವನ ಕೈ ಸಡಿಲ ಆಗುತ್ತದೆ.

ಹಾಗಂತ ಎಲ್ಲಾ ಕಡೆ ದೊಡ್ಡಮ್ಮ ಸಾಕು ಅಂದರೆ ಅದು ಸುಳ್ಳು. ಕೊಲ್ಲುವವರು ಊರ ಹುಡುಗರಲ್ಲ, ಟ್ಯಾಂಕು ಡ್ರೋನು ಇರುವ ಪಡೆ ಅಂದಾಗ "ನೀನ್ ಕಂಡ್ಯಾ" ನಡೆಯುವುದಿಲ್ಲ. ಡಾರ್ಫರ್‌ನ ಎಲ್ ಫಾಶರ್ ಪಟ್ಟಣವನ್ನು, ಸುಡಾನಿನ ಸೈನ್ಯದ ವಿರುದ್ಧ ಯುದ್ಧಕ್ಕಿಳಿದ ಆರ್‌ಎಸ್‌ಎಫ್ ಅನ್ನುವ ಅರೆಸೈನಿಕ ಪಡೆ ಒಂದೂವರೆ ವರ್ಷ ಸುತ್ತುವರಿದು ಕೂತಿತ್ತು. ಊರ ಸುತ್ತ ಮಣ್ಣಿನ ದಿಬ್ಬ ಏಳುತ್ತಿದೆ ಅಂತ ಯೇಲ್ ವಿಶ್ವವಿದ್ಯಾಲಯದ ತಂಡ ಉಪಗ್ರಹ ಚಿತ್ರ ತೋರಿಸಿ ತೋರಿಸಿ ಹೇಳಿತು. ಒಳಗೆ ಅಲ್ಲಿನ ಸ್ವಯಂಸೇವಕರು ಬೀದಿ ಬೀದಿಯಲ್ಲಿ ಅಡುಗೆ ಒಲೆ ಹಚ್ಚಿ ಜನಕ್ಕೆ ಊಟ ಹಾಕುತ್ತಿದ್ದರು. ಕೊನೆಗೆ ದವಸ ಮುಗಿದು ಜನ "ಅಂಬಾಜ್" ತಿಂದರು. ಅಂದರೆ ಕಡಲೆಕಾಯಿ ಎಣ್ಣೆ ತೆಗೆದ ಮೇಲೆ ಉಳಿಯುತ್ತಲ್ಲ ಹಿಂಡಿ, ನಾವು ಹಸುವಿಗೆ ಹಾಕುತ್ತೇವಲ್ಲ, ಅದು. 2025ರ ಅಕ್ಟೋಬರ್ 26ಕ್ಕೆ ಊರು ಬಿತ್ತು. ಆಮೇಲಿನ ಚಿತ್ರಗಳ ಬಗ್ಗೆ ಬರೆಯಲು ಕೈ ಬರುತ್ತಿಲ್ಲ. ಗೆಳೆಯನ ಮಗಳಂಥವರು ಹಾಕಿದ ಗುರುತುಗಳು ಕೊಲೆಯನ್ನು ತಡೆಯಲಿಲ್ಲ, ನಿಜ. ಆದರೆ ನಾಳೆ ಯಾರೋ "ಅಲ್ಲಿ ಊರೇ ಇರಲಿಲ್ಲ" ಅಂದಾಗ, ಇತ್ತು, ಇಷ್ಟು ಗುಡಿಸಲಿತ್ತು, ಇಂಥ ತಿಂಗಳು ಸುಟ್ಟಿದ್ದು ಅಂತ ತೋರಿಸಲು ಒಂದು ದಾಖಲೆ ಇದೆ. ಅವಳಪ್ಪನಿಗೆ ಇದನ್ನು ಅವತ್ತೇ ಹೇಳಬೇಕಿತ್ತು ನಾನು. ಬಾಯಿ ತುಂಬಾ ಎಲೆ ಅಡಿಕೆ ಇತ್ತು, ಸುಮ್ನಿದ್ದೆ.

ಇಷ್ಟು ಬರೆದು ನಿನ್ನೆ ರಾತ್ರಿ ದೊಡ್ಡಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. ಈಗ ಅವಳು ಡೈರಿಗೆ ಹೋಗುವುದಿಲ್ಲ, ಮಂಡಿ ನೋವು. "ಅವತ್ತು ಮಜ್ಜಿಗೆ ಅಲ್ಲ ಕಣ್ಲಾ, ಟೀ ಕೊಟ್ಟಿದ್ದು" ಅಂತ ತಿದ್ದಿದಳು. ಹಿಂಡಿ ತಿಂದ ವಿಷಯ ಇನ್ನೊಂದು ಸಲ ಓದು ಅಂದಳು. ಆಮೇಲೆ, "ಆ ಊರ್ಗೆ ಯಾರಾದ್ರೂ ಒಬ್ರು ಫೋನ್ ಮಾಡಿ ಕೇಳ್ಬೋದಿತ್ತಲ್ಲಾ" ಅಂದಳು.

"ಫೋನೇ ಹೋಗ್ತಿರಲಿಲ್ಲ ದೊಡ್ಡಮ್ಮ" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಹಂಗಾರೆ ಮೊದ್ಲು ಅದ್ನೇ ಕಿತ್ತವ್ರೆ" ಅಂದಳು.