ಸಹಿಗೂ ಮುನ್ನ ಬಾಗಿಲಲ್ಲಿ ಕುಳಿತವರು
ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಅಂತರ್ಯುದ್ಧ 2003ರಲ್ಲಿ ನಿಂತದ್ದು ಆಗಿನ ಅಧ್ಯಕ್ಷ ಚಾರ್ಲ್ಸ್ ಟೇಲರ್ ನೈಜೀರಿಯಾಕ್ಕೆ ಹೊರಟುಹೋದ ಕಾರಣದಿಂದಲೇ ಎಂದು ಆ ಯುದ್ಧದ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿದ ಮಾತನ್ನು ನಾನು ಒಪ್ಪಲಾರೆ. ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿಯ ಬಯಲಿನಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಬಿಳಿ ಬಟ್ಟೆ ತೊಟ್ಟು ಶಾಂತಿಗಾಗಿ ಬಿಸಿಲು ಮಳೆಯೆನ್ನದೆ ಕುಳಿತದ್ದನ್ನು, ಘಾನಾದ ಅಕ್ರಾದಲ್ಲಿ ಸರ್ಕಾರ ಮತ್ತು ಬಂಡುಕೋರರ ಸಂಧಾನ ವಾರಗಟ್ಟಲೆ ಎಳೆದಾಡಿದಾಗ ಆ ಹೆಂಗಸರ ನಾಯಕಿ ಲೇಮಾ ಬೋವಿ ಮತ್ತು ಸಂಗಡಿಗರು ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ ಕುಳಿತು ಒಳಗಿದ್ದವರನ್ನು ಹೊರಬಿಡದೆ ಹಠ ಹಿಡಿದದ್ದನ್ನು ಕೈಬಿಟ್ಟರೆ ಈ ಚರಿತ್ರೆ ಅರ್ಧವೇ ಆಗುತ್ತದೆ. ಬಂಧಿಸಲು ಬಂದ ಕಾವಲಿನವರೆದುರು ಬೋವಿಯವರು ತಮ್ಮ ಉಡುಗೆಯನ್ನೇ ಕಳಚತೊಡಗಿದರು. ತಾಯಾದವಳು ಹಾಗೆ ಮಾಡಿದರೆ ನೋಡಿದವರಿಗೆ ಶಾಪ ತಟ್ಟುತ್ತದೆಂಬ ನಂಬಿಕೆ ಆ ಭಾಗದಲ್ಲಿದೆ, ಕಾವಲಿನವರು ಹಿಂದೆ ಸರಿದರು. ಪಶ್ಚಿಮ ಆಫ್ರಿಕಾದ ಶಾಂತಿಪಾಲನಾ ಪಡೆ ಬಂದದ್ದೂ ಮುಖ್ಯವೇ. ಆದರೆ ಆಗಸ್ಟ್ 18ರ ಶಾಂತಿ ಒಪ್ಪಂದದ ಹಿಂದೆ ಈ ತಾಯಂದಿರ ಒತ್ತಡವೂ ಇತ್ತೆಂಬುದನ್ನು ಲೇಖನ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.