ಕಡತ ಸೇರದ ಮಾತು

ಸದನದಲ್ಲಿ ಯಾರಾದರೂ ನಾಲಿಗೆ ಹರಿಯಬಿಟ್ಟರೆ ಪೀಠದಿಂದ, ಅಂದರೆ ಕಲಾಪ ನಡೆಸುವವರಿಂದ, ಒಂದು ಅಪ್ಪಣೆ ಹೊರಡುತ್ತದೆ: ‘ಅದನ್ನು ಕಡತದಿಂದ ತೆಗೆದುಹಾಕಿ.’ ಅಲ್ಲಿಗೆ ಆ ಮಾತು ಆಡಿದ್ದೇ ಇಲ್ಲ ಎಂದಾಯಿತು. ಬೈಸಿಕೊಂಡವರ ಮುಖ ಕೆಂಪಾಗಿದೆ, ಬೈದವರ ಕಡೆಯವರು ಮೇಜು ಕುಟ್ಟಿಯೂ ಆಗಿದೆ. ಕಾಗದದ ಮೇಲೆ ಮಾತ್ರ ಒಂದು ನಕ್ಷತ್ರ ಚಿಹ್ನೆ, ಪುಟದ ಕೆಳಗೆ ‘ಪೀಠದ ಆದೇಶದಂತೆ ತೆಗೆದುಹಾಕಲಾಗಿದೆ’ ಎಂಬ ಅಡಿಟಿಪ್ಪಣಿ.

ಲೋಕಸಭೆಯಲ್ಲಿ ಈ ಕೆಲಸಕ್ಕೆ ಎರಡು ನಿಯಮಗಳಿವೆ. ಮಾತು ಮಾನಹಾನಿಕರವೋ ಅಸಭ್ಯವೋ ಅಸಂಸದೀಯವೋ ಘನತೆಗೆ ತಕ್ಕದ್ದಲ್ಲವೋ ಎನಿಸಿದರೆ ತೆಗೆಸುವ ಅಧಿಕಾರವನ್ನು 380ನೆಯದು ಸ್ಪೀಕರ್‌ಗೆ ಕೊಡುತ್ತದೆ. ನಕ್ಷತ್ರ ಹಾಕುವ ಬಗೆಯನ್ನು 381 ಹೇಳುತ್ತದೆ. ಎಲ್ಲವೂ ಪೀಠದ ಕಿವಿಗೇ ಬೀಳಬೇಕೆಂದಿಲ್ಲ. ಗದ್ದಲದಲ್ಲಿ ತಪ್ಪಿಸಿಕೊಂಡ ಪದವನ್ನು ವರದಿ ಶಾಖೆಯ ಮುಖ್ಯಸ್ಥರು ಹಿಡಿದು, ನಿಯಮ ಯಾವುದು, ಹಿಂದೆ ಯಾವಾಗ ಇದೇ ಪದ ತೆಗೆದದ್ದಿದೆ ಎಂದು ಬರೆದು ಸ್ಪೀಕರ್‌ಗೆ ಕಳಿಸುತ್ತಾರೆ. ‘ಕಡತಕ್ಕೆ ಹೋಗುವುದಿಲ್ಲ’ ಎಂಬ ಇನ್ನೊಂದು ಅಪ್ಪಣೆಯದು ಬೇರೆ ಕಥೆ. ತೆಗೆಯುವುದೆಂದರೆ ಬರೆದದ್ದನ್ನು ಅಳಿಸುವುದು. ಇದು ಬರೆಯುವುದನ್ನೇ ನಿಲ್ಲಿಸುವುದು.

ಎಡವಟ್ಟಾಗುವುದು ಪದವನ್ನಷ್ಟೇ ಕಿತ್ತು ವಾಕ್ಯವನ್ನು ಬಿಟ್ಟಾಗ. ‘ಈ ಸಚಿವರು ಒಬ್ಬ *’ ಎಂದು ಉಳಿದರೆ, ಓದುವವನು ಆ ಜಾಗಕ್ಕೆ ತನಗೆ ಗೊತ್ತಿರುವುದರಲ್ಲೇ ಖಾರವಾದದ್ದನ್ನು ತುಂಬಿಕೊಳ್ಳುತ್ತಾನೆ. ಆಡಿದ್ದು ಬರೀ ‘ಅಸಮರ್ಥ’ ಎಂದಿದ್ದರೂ ಇರಬಹುದು, ಪಾಪ.

ಹೀಗೆ ತೆಗೆದ ಪದಗಳನ್ನು ಲೋಕಸಭೆಯ ಸಚಿವಾಲಯ ಜೋಪಾನವಾಗಿ ಪಟ್ಟಿ ಮಾಡಿಟ್ಟುಕೊಂಡು ಬಂದಿದೆ. 1954ರಿಂದ ಹೊರಬರುತ್ತಿರುವ ಈ ಸಂಕಲನ ಒಂದು ಹಂತದಲ್ಲಿ 1,100 ಪುಟಕ್ಕೆ ಬೆಳೆದಿತ್ತು. 2022ರ ಜುಲೈನಲ್ಲಿ ಹೊಸ ಕಂತು ಬಂದಾಗ ದೊಡ್ಡ ರಂಪವೇ ಆಯಿತು. ‘ಜುಮ್ಲಾಜೀವಿ’ (ಪೊಳ್ಳು ಭರವಸೆಯಲ್ಲೇ ಬದುಕುವವ), ‘ಬಾಲ್‌ಬುದ್ಧಿ’ (ಹುಡುಗುಬುದ್ಧಿ), ‘ಶಕುನಿ’ಗಳ ಜೊತೆಗೆ ‘ಭ್ರಷ್ಟ’, ‘ನಾಟಕ’, ‘ಮೊಸಳೆ ಕಣ್ಣೀರು’ ಇವುಗಳ ಇಂಗ್ಲಿಷ್ ರೂಪಗಳೂ ಅದರಲ್ಲಿದ್ದವು. ಇವನ್ನೆಲ್ಲ ಬಿಟ್ಟರೆ ವಿರೋಧ ಪಕ್ಷಕ್ಕೆ ಮಾತಾಡಲು ಉಳಿಯುವುದೇನು ಎಂಬ ಪ್ರಶ್ನೆ ಎದ್ದಿತು. ಯಾವ ಪದವನ್ನೂ ನಿಷೇಧಿಸಿಲ್ಲ, ಹಿಂದೆ ತೆಗೆದದ್ದರ ಪಟ್ಟಿ ಅಷ್ಟೇ, ಸಂದರ್ಭ ನೋಡಿ ತೀರ್ಮಾನ ಎಂದರು ಸ್ಪೀಕರ್ ಓಂ ಬಿರ್ಲಾ. ನಿಯಮದ ಮಟ್ಟಿಗೆ ಅವರು ಹೇಳಿದ್ದು ಸರಿಯೇ. ಆದರೆ ಅಚ್ಚಾದ ಪಟ್ಟಿಯೊಂದು ಕೈಯಲ್ಲಿದ್ದರೆ ಸಂದರ್ಭ ನೋಡುವ ತಾಳ್ಮೆ ಯಾರಿಗಿರುತ್ತದೆ?

ಗೋಡ್ಸೆ ಎಂಬ ಹೆಸರಿಗೆ ಆದದ್ದೂ ಇದೇ. ಗಾಂಧಿ ಹಂತಕನ ಹೆಸರೆಂದು ಅದು ಪಟ್ಟಿ ಸೇರಿತ್ತು. 2014ರಲ್ಲಿ ನಾಸಿಕ್‌ನಿಂದ ಹೇಮಂತ್ ಗೋಡ್ಸೆ ಎಂಬ ಶಿವಸೇನೆಯ ಸಂಸದರು ಗೆದ್ದು ಬಂದರು. ಅವರ ಮನೆತನದ ಹೆಸರೇ ಅಸಂಸದೀಯ! ಅವರು ದೂರು ಕೊಟ್ಟ ಮೇಲೆ, 2015ರಲ್ಲಿ ಆಗಿನ ಸ್ಪೀಕರ್ ಸುಮಿತ್ರಾ ಮಹಾಜನ್ ಆ ಹೆಸರನ್ನು ಪಟ್ಟಿಯಿಂದ ಬಿಡಿಸಿದರು. ಹಂತಕನನ್ನು ಕುರಿತು ಬಳಸಿದರೆ ಮಾತ್ರ ಅಡ್ಡಿ ಉಳಿಯಿತು.

ಇಷ್ಟೊಂದು ಕಡಿವಾಣ ಸದನದೊಳಗೇ ಏಕೆಂದರೆ, ಹೊರಗಿನ ಕಡಿವಾಣ ಅಲ್ಲಿಗೆ ತಾಗುವುದಿಲ್ಲ. ಸಂಸದರಿಗೆ ಸಂವಿಧಾನದ 105ನೇ ವಿಧಿ, ಶಾಸಕರಿಗೆ 194ನೇ ವಿಧಿಯ ರಕ್ಷಣೆಯಿದೆ: ಸದನದಲ್ಲಿ ಆಡಿದ ಮಾತಿಗೆ ಕೋರ್ಟಿನಲ್ಲಿ ಉತ್ತರ ಕೊಡಬೇಕಿಲ್ಲ. ಪುರಿ ಶಂಕರಾಚಾರ್ಯರ ಬಗ್ಗೆ ಲೋಕಸಭೆಯಲ್ಲಿ ಆಡಿದ ಮಾತಿಗೆ ಪರಿಹಾರ ಕೇಳಿ ಅವರ ಭಕ್ತರು ಹೂಡಿದ್ದ ದಾವೆ 1970ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ವಿಧಿಯಲ್ಲಿರುವ ‘ಏನೇ ಆಡಿದರೂ’ ಎಂದರೆ ಏನೇ ಆಡಿದರೂ, ಅಷ್ಟೇ. ಹಾಗೆಂದು ಬೇಲಿಯೇ ಇಲ್ಲವೆಂದಲ್ಲ. ನ್ಯಾಯಾಧೀಶರ ಕರ್ತವ್ಯ ನಿರ್ವಹಣೆಯ ಬಗ್ಗೆ ಶಾಸನಸಭೆಯಲ್ಲಿ ಚರ್ಚೆ ಕೂಡದೆಂದು 211ನೇ ವಿಧಿ ಹೇಳುತ್ತದೆ. ಲಂಚ ತಿಂದು ಭಾಷಣ ಮಾಡಿದರೆ, ಮತ ಹಾಕಿದರೆ ಈ ರಕ್ಷಣೆ ಇಲ್ಲವೆಂದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು.

ಸದನದ ಮಾತು ಎಲ್ಲಿಗೆ ಮುಗಿಯುತ್ತದೆ ಎಂಬ ತಕರಾರು ನಮ್ಮಲ್ಲೇ ಎದ್ದಿದೆ. 2024ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, ಪರಿಷತ್ ಸದಸ್ಯರೊಬ್ಬರು ಸಚಿವೆಯನ್ನು ಅವಹೇಳನದ ಪದದಿಂದ ಕರೆದರೆಂಬ ಆರೋಪ ಬಂತು. ಅವರು ಅಲ್ಲಗಳೆದರು. ಪೊಲೀಸರು ಬಂಧಿಸಿದರು, ಮರುದಿನವೇ ಹೈಕೋರ್ಟ್ ಬಿಡುಗಡೆಗೆ ಮಧ್ಯಂತರ ಆದೇಶ ಕೊಟ್ಟಿತು. ಕಲಾಪ ಮುಂದೂಡಿದ ಮೇಲೆ ಅದೇ ಕೋಣೆಯಲ್ಲಿ ನಿಂತು ಆಡಿದ ಮಾತು ಸದನದ್ದೋ ಬೀದಿಯದೋ ಎಂಬುದು ಇಂಥ ಹೊತ್ತಿನಲ್ಲಿ ಏಳುವ ಗಟ್ಟಿ ಪ್ರಶ್ನೆ. ಕಡತವೇ ಇಲ್ಲದಾಗ ಕಡತದಿಂದ ತೆಗೆಯುವುದೇನನ್ನು?

ಹಾಗಾದರೆ ಸಚಿವರು ಸುಳ್ಳು ಹೇಳಿದರೆ ಸುಳ್ಳು ಎನ್ನುವುದು ಹೇಗೆ? ಪಳಗಿದವರು ‘ಸತ್ಯಕ್ಕೆ ದೂರವಾದ ಮಾತು’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಚರ್ಚಿಲ್ 1906ರಲ್ಲೇ ‘ಪಾರಿಭಾಷಿಕ ಅನಿಖರತೆ’ ಎಂಬ ಅರ್ಥದ ಪದಗುಚ್ಛ ಬಳಸಿದ್ದರು. ಅಲ್ಲಿ ಅದು ಸುಳ್ಳಿಗೆ ಮರ್ಯಾದಸ್ಥ ಹೆಸರಾಗಿ ಉಳಿದುಬಿಟ್ಟಿತು. ಲೋಕಸಭೆಯಲ್ಲಿ ರಾಜಮಾರ್ಗವೂ ಒಂದಿದೆ, ಸ್ಪೀಕರ್ ನಿರ್ದೇಶನ 115. ಸಚಿವರ ಹೇಳಿಕೆಯಲ್ಲಿ ತಪ್ಪೆಲ್ಲಿದೆ ಎಂದು ಮೊದಲು ಸ್ಪೀಕರ್‌ಗೆ ಪತ್ರ ಬರೆಯಬೇಕು, ಆಧಾರವಿದ್ದರೆ ಲಗತ್ತಿಸಬೇಕು. ಸ್ಪೀಕರ್ ಅದನ್ನು ಸಚಿವರ ಗಮನಕ್ಕೆ ತಂದು, ಅನುಮತಿ ಕೊಟ್ಟರೆ ಸದಸ್ಯರು ಹೇಳಿಕೆ ಓದಬಹುದು, ಸಚಿವರು ಉತ್ತರಿಸಬಹುದು. ದಾಖಲೆ ಇಟ್ಟು ಮಾತಾಡುವವರಿಗೆ ಇದಕ್ಕಿಂತ ಒಳ್ಳೆಯ ಆಯುಧವಿಲ್ಲ. ಸಂಜೆಯ ಟಿ.ವಿ.ಗೆ ಬೇಕಾಗಿರುವುದು ಪತ್ರವಲ್ಲ, ‘ಸುಳ್ಳುಗಾರ’ ಎಂಬ ಒಂದು ಕೂಗು. ಹಾಗಾಗಿ ಪಟ್ಟಿ ಬೆಳೆಯುತ್ತಲೇ ಇರುತ್ತದೆ.

ತೆಗೆದ ಮಾತನ್ನು ಅಚ್ಚು ಹಾಕಿದರೆ ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ. ಬಿಹಾರ ವಿಧಾನಸಭೆಯಲ್ಲಿ ತೆಗೆದುಹಾಕಿದ್ದ ಭಾಷಣದ ಭಾಗವನ್ನು 1957ರಲ್ಲಿ ಪಾಟ್ನಾದ ‘ಸರ್ಚ್‌ಲೈಟ್’ ಪತ್ರಿಕೆ ಪ್ರಕಟಿಸಿದಾಗ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿ, ಗೆದ್ದದ್ದು ಸದನವೇ. ಈಗ ನೇರ ಪ್ರಸಾರವಿದೆ; ಅಪ್ಪಣೆ ಹೊರಡುವಷ್ಟರಲ್ಲಿ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿರುತ್ತದೆ. ಆದರೂ ಪದ್ಧತಿ ಬಿಟ್ಟಿಲ್ಲ. ಕಲಾಪ ಮುಗಿದ ಮೇಲೆ ಆ ದಿನ ತೆಗೆದ ಪದಗಳ ಪಟ್ಟಿ ಮಾಧ್ಯಮದವರಿಗೆ ಹೋಗುತ್ತದೆ, ಇವನ್ನು ಪ್ರಕಟಿಸಬೇಡಿ ಎಂದು. ಗದ್ದಲದಲ್ಲಿ ಸರಿಯಾಗಿ ಕೇಳಿಸದಿದ್ದ ವರದಿಗಾರರಿಗೂ ಆಗ ಗೊತ್ತಾಗುತ್ತದೆ, ಅವರು ಬೈದದ್ದು ಏನೆಂದು.