ತರಗತಿಯಲ್ಲಿ ಮಕ್ಕಳನ್ನು ಬೈದ ಅಧ್ಯಾಪಕರಿಗೆ ಮೆಮೊ (ಶಿಸ್ತುಕ್ರಮದ ನೋಟಿಸು) ಕೊಡಬೇಕೆ?

ಪರ: ಮಗು ತಿರುಗಿ ಬೈಯುವ ಹಾಗಿಲ್ಲವಲ್ಲ

ಆರನೇ ಕ್ಲಾಸಿನಲ್ಲಿ ನನಗೆ ಒಂದು ಪೆಟ್ಟೂ ಬಿದ್ದಿಲ್ಲ. ಆ ವರ್ಷ ನೆನಪಿರುವುದು ಒಂದು ಶಬ್ದದಿಂದ. ಕಾಸರಗೋಡಿನ ಒಳನಾಡಿನ ಒಂದು ಕನ್ನಡ ಮಾಧ್ಯಮ ಶಾಲೆ, ಗಣಿತದ ಪೀರಿಯಡ್, ಭಿನ್ನರಾಶಿ. ನನ್ನ ಲೆಕ್ಕ ತಪ್ಪಿತ್ತು. ಮಾಷ್ಟ್ರು ಪುಸ್ತಕವನ್ನು ಡೆಸ್ಕಿಗೆ ಎಸೆದು "ಬೇವರ್ಸಿ" ಎಂದರು. ಕ್ಲಾಸು ನಕ್ಕಿತು.

ನಮ್ಮ ಕಡೆ ಅದೇನು ದೊಡ್ಡ ಬೈಗುಳವಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಕಬಡ್ಡಿ ಅಂಗಣದಲ್ಲಿ, ಗೆಳೆಯರ ನಡುವೆ ದಿನಕ್ಕೆ ಹತ್ತು ಸಲ ಬಂದು ಹೋಗುತ್ತದೆ. ಆದರೆ ಆಗ ನನ್ನ ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತಷ್ಟೆ. ಬೇವಾರಸಿ, ಅಂದರೆ ವಾರಸುದಾರರಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬ ಅರ್ಥ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಮಾಷ್ಟ್ರಿಗೂ ಅರ್ಥ ಗೊತ್ತಿರಲಿಕ್ಕಿಲ್ಲ. ಅದಕ್ಕೇ ಹೇಳುತ್ತೇನೆ, "ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ" ಎಂಬ ಸಮಾಧಾನ ಸಾಲದು. ನನ್ನ ತಲೆಯಲ್ಲಿ ಉಳಿದದ್ದು ಅವರ ಮನಸ್ಸಲ್ಲ, ಆ ಶಬ್ದ. ಆಮೇಲೆ ಆ ಪೀರಿಯಡಿನಲ್ಲಿ ನಾನು ಕೈ ಎತ್ತಲಿಲ್ಲ.

ಪೇಟೆಯಲ್ಲಿ ಒಬ್ಬ ಬೈದರೆ ತಿರುಗಿ ಬೈಯಬಹುದು, ಇಲ್ಲ ದಾರಿ ಬದಲಿಸಬಹುದು. ತರಗತಿಯಲ್ಲಿ ಮಗು ಎದ್ದು ನಿಂತು ಬೈಸಿಕೊಳ್ಳಬೇಕು. ಮರುದಿನ ಹಾಜರಿ ಕೂಗುವಾಗ ಅದೇ ಮನುಷ್ಯನಿಗೆ "ಎಸ್ ಸರ್" ಅನ್ನಬೇಕು. ಬೈದದ್ದು ಪ್ರೀತಿಯಿಂದ ಎನ್ನುವವರೂ ಇದ್ದಾರೆ. ಅಷ್ಟೇ ಪ್ರೀತಿಯಿಂದ ಅವರು ಶಾಲೆಯ ಮ್ಯಾನೇಜರರನ್ನು "ಕೋಣ" ಎಂದು ಕರೆದದ್ದನ್ನು ನಾನು ಕಂಡಿಲ್ಲ.

ಶಿಸ್ತುಕ್ರಮ ಬೇಕೇ ಎಂಬ ಪ್ರಶ್ನೆಯೇ ತುಸು ತಡವಾಗಿ ಬಂದಿದೆ. ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡಬಾರದು, ಕೊಟ್ಟವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಆಗಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳಿಬಿಟ್ಟಿದೆ. ನಾವು ಅದರ ಅರ್ಧವನ್ನು ಮಾತ್ರ ಪಾಲಿಸಿದೆವು. ನಾಗರಬೆತ್ತ ಅಟ್ಟ ಸೇರಿತು, ನಾಲಿಗೆ ಬೆತ್ತದ ಕೆಲಸಕ್ಕೆ ಇಳಿಯಿತು. 2023ರ ಜನವರಿಯಲ್ಲಿ ಕೇರಳದ ಮಕ್ಕಳ ಹಕ್ಕುಗಳ ಆಯೋಗವು ಸರ್, ಮೇಡಂ ಬೇಡ, "ಟೀಚರ್" ಎಂದೇ ಕರೆಯುವಂತಾಗಲಿ ಎಂದಿತು. ಒಳ್ಳೆಯದೇ. ಟೀಚರು ಮಕ್ಕಳನ್ನು ಏನೆಂದು ಕರೆಯುತ್ತಾರೆ ಎಂಬುದಕ್ಕೂ ಅಷ್ಟೇ ಮುತುವರ್ಜಿ ಬೇಡವೆ?

ಶಿಸ್ತುಕ್ರಮ ಎಂದ ಕೂಡಲೇ ಅಧ್ಯಾಪಕರ ಸಂಘದವರು "ಅನ್ನಕ್ಕೆ ಕಲ್ಲು" ಎನ್ನುತ್ತಾರೆ. ಹಾಗಲ್ಲ. ಸೇವಾ ನಿಯಮದಲ್ಲಿ ಮೆಟ್ಟಿಲುಗಳಿವೆ: ಮೊದಲು ವಾಗ್ದಂಡನೆ, ಆಮೇಲೆ ಇನ್‌ಕ್ರಿಮೆಂಟ್ ತಡೆ. ವಜಾ ಎಂಬುದು ತುತ್ತತುದಿಯದು. ಎಡವಿದ ನೋವಿಗೆ ಬಾಯಿಂದ ಜಾರಿದ ಮಾತಿಗೆ ಏನೂ ಬೇಡ. ಮಗುವಿನ ಹುಟ್ಟು, ತಾಯಿ, ಮೈಬಣ್ಣ, ಮನೆಯ ಕಸುಬು ಎತ್ತಿ ಆಡಿದ್ದಕ್ಕೆ ಕಡತದಲ್ಲಿ ಒಂದು ಸಾಲಾದರೂ ಬೀಳಬೇಕು. ಬಿದ್ದರೆ ಎರಡನೇ ಸಲ ಬಾಯಿ ತೆರೆಯುವ ಮುಂಚೆ ಆ ಸಾಲು ನೆನಪಾಗುತ್ತದೆ. ನನ್ನ ಮಾಷ್ಟ್ರಿಗೆ ನೆನಪಾಗಲು ಏನೂ ಇರಲಿಲ್ಲ.

ವಿರೋಧ: ಏಳು ಭಾಷೆಯ ಊರಿನಲ್ಲಿ ಬೈಗುಳ ಯಾವುದು?

ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತನಾದವ ನಾನು. ಮೊದಲು ನವಿಲಿನ ಕಥೆ ಕೇಳಿ.

ಎರಡನೇ ಕ್ಲಾಸಿನಲ್ಲಿ ನವಿಲಿನ ಚಿತ್ರ ತೋರಿಸಿ, ಮನೆಯಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದೆ. ತುಳು ಮನೆಯ ಹುಡುಗಿ ಎದ್ದು ನಿಂತು "ಮೈರ್" ಎಂದಳು. ಅಪ್ಪಟ ತುಳು, ಸರಿಯಾದ ಉತ್ತರ. ಆದರೆ ಮಲಯಾಳದಲ್ಲಿ ಹೆಚ್ಚುಕಡಿಮೆ ಅದೇ ಸದ್ದಿನ ಮಾತು ಹೆಂಗಸರ ಮುಂದೆ ಆಡಬಾರದ ಬೈಗುಳ. ಮಲಯಾಳ ಮಾತಾಡುವ ಮನೆಯ ಇಬ್ಬರು ಹುಡುಗರು ಹೊಟ್ಟೆ ಹಿಡಿದು ನಕ್ಕರು. ಹುಡುಗಿಯ ಮುಖ ಬಾಡಿತು. ಅವಳ ಮಾನ ಉಳಿಸಲೆಂದು ನಾನು ಗಟ್ಟಿಯಾಗಿ "ಹೌದು, ಮೈರ್! ಎಲ್ಲರೂ ಹೇಳಿ" ಎಂದೆ. ಇಡೀ ಕ್ಲಾಸು ಕೂಗಿತು. ಪುಣ್ಯಕ್ಕೆ ಆಗ ಯಾರ ಕಿಸೆಯಲ್ಲೂ ಮೊಬೈಲ್ ಇರಲಿಲ್ಲ. ಆ ಹತ್ತು ಸೆಕೆಂಡು ಇವತ್ತು ವಾಟ್ಸಪ್ಪಿಗೆ ಬಿದ್ದರೆ ನನ್ನ ಪಿಂಚಣಿಯ ಗತಿ ಏನು?

"ಪಟ್ಟಿ ಓದು" ಎನ್ನುವುದೂ ಹಾಗೆಯೇ. ನಮಗೆ ಪಟ್ಟಿ, ಮಲಯಾಳದಲ್ಲಿ ನಾಯಿ. ಹೀಗಿರುವಾಗ ದೂರು ತೂಗಿ ನೋಡುವವರು ಯಾರು? ಕನ್ನಡಿಗರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆದು ಉತ್ತರ ಪಡೆಯಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ನನ್ನ ಸರ್ವಿಸಿನಲ್ಲಿ ಬಂದ ಕಾಗದಗಳು ಮಾತ್ರ ಬಹುಪಾಲು ಮಲಯಾಳದವು. ತುಳು, ಬ್ಯಾರಿ, ಹವಿಗನ್ನಡದ ಒಂದು ಮಾತಿನ ತೂಕವನ್ನು ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದ ಅಧಿಕಾರಿ ಅನುವಾದದಲ್ಲಿ ಓದಿ ತೀರ್ಮಾನಿಸಬೇಕು. ಅನುವಾದದಲ್ಲಿ "ಮಾರಾಯ" ಏನಾಗುತ್ತದೋ ನೋಡುವ ಆಸೆ ನನಗಿದೆ.

ಅನುದಾನಿತ ಶಾಲೆಗಳದ್ದು ಇನ್ನೊಂದು ಗಂಟು. ಕೇರಳ ಶಿಕ್ಷಣ ನಿಯಮಗಳ ಪ್ರಕಾರ ಅಲ್ಲಿ ಅಮಾನತು ಮಾಡುವ ಅಧಿಕಾರ ಮ್ಯಾನೇಜರಿಗಿದೆ. ಹದಿನೈದು ದಿನ ಮೀರಿದರೆ ಮಾತ್ರ ಇಲಾಖೆಯ ಒಪ್ಪಿಗೆ ಬೇಕು. ಮ್ಯಾನೇಜರಿಗೂ ಮಾಷ್ಟ್ರಿಗೂ ಎಣ್ಣೆ ಸೀಗೆಕಾಯಿ ಸಂಬಂಧವಿರುವ ಶಾಲೆಗಳು ಎಷ್ಟೆಂದು ನಮಗೆಲ್ಲ ಗೊತ್ತು. "ಬೈದರು" ಎಂಬಷ್ಟು ಅಗ್ಗದ ಆರೋಪ ಬೇರೆ ಇಲ್ಲ. ಇನ್ನು ಆ ಖಾಲಿ ಕುರ್ಚಿಗೆ ಬರುವವರು? ಕನ್ನಡ ಬಾರದವರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದ್ದಕ್ಕೆ ಈ ಜಿಲ್ಲೆಯಲ್ಲಿ ಮಕ್ಕಳೂ ಹೆತ್ತವರೂ ಸೇರಿ ಹೋರಾಟ ಮಾಡಿದ್ದಾರೆ. ಅಂಥವರಿಂದ ಬೈಗುಳದ ಭಯವಿಲ್ಲ ನೋಡಿ, ಬೈಯಲಾದರೂ ಕನ್ನಡ ಬರಬೇಕಲ್ಲ.

ಜಾತಿ ಎತ್ತಿ ಬೈದವರ ಪರ ನಾನು ವಕಾಲತ್ತು ಹಾಕುತ್ತಿಲ್ಲ. ಅದು ಮೆಮೊದಲ್ಲಿ ಮುಗಿಯುವ ವಿಷಯವೇ ಅಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಗೆ 1989ರ ಕಾಯ್ದೆಯಿದೆ, ಪೊಲೀಸರು ನೋಡಿಕೊಳ್ಳಲಿ. ನನ್ನ ತಕರಾರು ಉಳಿದ ಮಾತುಗಳ ಬಗ್ಗೆ.

ಎದುರಿನ ಅಂಕಣದ ಆರನೇ ಕ್ಲಾಸಿನ ಕಥೆ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆಂದರೆ ನಾನೂ ಒಮ್ಮೆ ಒಬ್ಬ ಹುಡುಗನಿಗೆ ಅಂಥದ್ದೇ ಮಾತು ಆಡಿದ್ದೇನೆ. ಮಳೆಗಾಲದ ಕೊನೇ ಪೀರಿಯಡ್, ಕರೆಂಟ್ ಇಲ್ಲ, ಹಂಚು ಸೋರುತ್ತಿತ್ತು. ಇವು ನೆಪಗಳೆಂದು ಗೊತ್ತು. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅದೇ ಕ್ಲಾಸಿನ ಮುಂದೆ ನಿಂತು "ನಿನ್ನೆ ನಾನು ಆಡಿದ್ದು ತಪ್ಪು ಮಾತು" ಎಂದೆ. ಹುಡುಗ ತಲೆ ಎತ್ತಲಿಲ್ಲ, ಪೆನ್ಸಿಲ್ ಕೆತ್ತುತ್ತಲೇ ಇದ್ದ. ಶುಕ್ರವಾರ ಕಾಪಿ ಪುಸ್ತಕ ತಂದು ಮೇಜಿನ ಮೇಲಿಟ್ಟು ಹೋದ.

ಆ ಬೆಳಿಗ್ಗೆ ನಾನು ಕ್ಲಾಸಿಗೆ ಹೋಗುವ ಮೊದಲೇ ಹೆಡ್‌ಮಾಷ್ಟ್ರ ಕೋಣೆಯಲ್ಲಿ ಮೆಮೊ ಕಾದಿದ್ದರೆ ಏನು ಮಾಡುತ್ತಿದ್ದೆ ಎಂಬುದೂ ನನಗೆ ಚೆನ್ನಾಗಿ ಗೊತ್ತು. ಸಂಘದ ಕಾರ್ಯದರ್ಶಿಗೆ ಫೋನ್ ಮಾಡುತ್ತಿದ್ದೆ. ಅವರು ಹೇಳಿಕೊಟ್ಟ ಹಾಗೆ ಬರೆಯುತ್ತಿದ್ದೆ: "ಆರೋಪವು ಸತ್ಯಕ್ಕೆ ದೂರವಾದುದು. ನಾನು ಅಂತಹ ಯಾವುದೇ ಶಬ್ದವನ್ನು ಬಳಸಿರುವುದಿಲ್ಲ."